ಎರಡು ಒಲೆ ಉರಿದ ಮನೆ

ಗ್ಯಾಸಿನ ಬಗ್ಗೆ ಮನೆಮನೆಗೆ ಹೋಗಿ ಹೇಳಿಕೊಡುವ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ನನ್ನ ಹತ್ತಿರ ಬಂದಿದ್ದರು. ನೀವು ಹಿಂದೆ ಹೊಗೆ ಇಲ್ಲದ ಒಲೆ ಹಾಕುತ್ತಿದ್ದಿರಂತೆ, ನಿಮ್ಮ ಅನುಭವ ಬರೆದುಕೊಡಿ ಎಂದರು. ನಾನು ಕಲಿತದ್ದು ಮೂರನೇ ಇಯತ್ತೆ. ಒತ್ತಕ್ಷರ ಎಲ್ಲಿ ಹಾಕಬೇಕು ಎಂದು ಯೋಚಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಆದರೂ ಬರೆದಿದ್ದೇನೆ. ಯಾವಾಗ ಕಾಯಂ ಆದೆ, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಅದರಿಂದ ನಿಮಗೆ ಉಪಯೋಗವೂ ಇಲ್ಲ. ಒಂದು ಮನೆಯ ಸಂಗತಿ ಹೇಳುತ್ತೇನೆ. ಅದು ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ನಿಮಗೆ ತಿಳಿದರೆ ಬಂದು ಹೇಳಿ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾವು ಬನವಾಸಿ ಕಡೆಯವರು. ನನ್ನ ಗಂಡ ಸಿರ್ಸಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಬ್ಲಾಕ್ ಕಚೇರಿಯಲ್ಲಿ ಗ್ರಾಮಸೇವಿಕೆಯ ಜೊತೆ ಹಳ್ಳಿ ತಿರುಗಲು ಒಬ್ಬ ಹೆಂಗಸು ಬೇಕು, ಮಣ್ಣಿಗೆ ಕೈ ಹಾಕಲು ನಾಚಬಾರದು ಎಂದು ಯಾರೋ ಹೇಳಿದರು. ಹೋದೆ. ನಮ್ಮ ಗ್ರಾಮಸೇವಿಕೆ ಧಾರವಾಡದ ಕಡೆಯವರು, ಹೆಸರು ಶಾಂತಾ. ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಅವರು ಚಿತ್ರ ಹಿಡಿದು ಹೇಳುವುದು, ನಾನು ಮಣ್ಣು ತುಳಿಯುವುದು. ಒಳ್ಳೆಯ ಹೆಂಗಸು. ಕೋಪ ಬಂದರೆ ಮಾತು ಬಿಡುತ್ತಿದ್ದರು, ಕೆಲಸ ಬಿಡುತ್ತಿರಲಿಲ್ಲ.

ಒಲೆ ಎಂದರೆ ದೊಡ್ಡ ವಿದ್ಯೆಯಲ್ಲ. ಹುತ್ತದ ಮಣ್ಣು, ಭತ್ತದ ಹೊಟ್ಟು, ಸಗಣಿ ಕೂಡಿಸಿ ತುಳಿಯಬೇಕು. ಮುಂದೆ ಕಟ್ಟಿಗೆ ಹಾಕುವ ಬಾಯಿ. ಮೇಲೆ ಪಾತ್ರೆ ಕೂರಲು ಎರಡು ಕುಳಿ. ಹಿಂದೆ ಹೊಗೆ ಹೋಗುವ ದಾರಿ, ಅದಕ್ಕೆ ಕುಂಬಾರ ಸುಟ್ಟ ಮಣ್ಣಿನ ಕೊಳವೆ. ಹುಲ್ಲಿನ ಮಾಡಾದರೆ ಕೊಳವೆಯನ್ನು ಮೇಲಕ್ಕೆ ಒಯ್ಯಬಾರದು. ಒಂದು ಕಿಡಿ ಹಾರಿದರೆ ಮನೆಯೇ ಹೋಗುತ್ತದೆ. ಗೋಡೆ ಕೊರೆದು ಹೊರಗೆ ತೆಗೆಯಬೇಕು. ಕುಳಿ ಮಾಡುವ ಮೊದಲು ಆ ಮನೆಯ ಪಾತ್ರೆ ತರಿಸಿ ಇಟ್ಟು ನೋಡಬೇಕು. ಪಾತ್ರೆ ಬಿಗಿಯಾಗಿ ಕೂರದಿದ್ದರೆ ಸಂದಿಯಲ್ಲಿ ಹೊಗೆ ಬರುತ್ತದೆ. ಬಂದ ಹೊಗೆಗೆಲ್ಲ ನಮ್ಮನ್ನೇ ಬಯ್ಯುತ್ತಾರೆ.

ಮೊದಲ ಎಡವಟ್ಟು ಆದದ್ದು ಯಲ್ಲಾಪುರದ ವಜ್ರಳ್ಳಿಯಲ್ಲಿ. ಆಗಿನ ಪದ್ಧತಿ ಹೀಗಿತ್ತು: ಹೋದ ಕೂಡಲೇ ಹಳೆಯ ಒಲೆ ಒಡೆಯುವುದು, ಅದೇ ಜಾಗದಲ್ಲಿ ಹೊಸದು ಹಾಕುವುದು. ಹಳೆಯದು ಇದ್ದರೆ ಹೆಂಗಸರು ಹೊಸದನ್ನು ಮುಟ್ಟುವುದಿಲ್ಲ ಎಂದು ಬ್ಲಾಕ್ ಕಚೇರಿಯ ಸಾಹೇಬರ ಅಭಿಪ್ರಾಯ. ಅದು ಹೆಗಡೆಯವರ ಮನೆ, ನಾನು ಅಡುಗೆಮನೆಗೆ ಹೋಗುವಂತಿಲ್ಲ. ಹಿಂಬಾಗಿಲಲ್ಲಿ ನಿಂತು ಮಣ್ಣು ಕೊಟ್ಟೆ, ಅಕ್ಕೋರು ಒಳಗೆ ಒಲೆ ಹಾಕಿದರು. ಚೆನ್ನಾಗಿಯೇ ಆಯಿತು. ಆದರೆ ಹಸಿ ಒಲೆ. ಒಣಗುವ ತನಕ ಆ ಮನೆಯವರು ಎಲ್ಲಿ ಅಡುಗೆ ಮಾಡಬೇಕು ಎಂದು ಸಾಹೇಬರೂ ಯೋಚಿಸಿರಲಿಲ್ಲ, ನಾವೂ ಯೋಚಿಸಿರಲಿಲ್ಲ. ಸದ್ಯಕ್ಕೆ ಬಚ್ಚಲ ಒಲೆಯ ಮೇಲೆ ಮಾಡಿಕೊಳ್ಳಿ ಎಂದುಬಿಟ್ಟರು ಅಕ್ಕೋರು. ಹೆಗಡತಿ ಬಾಗಿಲಿಗೆ ಬಂದು ನಿಂತರು.

“ಎಂತದೇ ತಂಗಿ ಇದು? ಬಚ್ಚಲೊಲೇಲಿ ಅನ್ನ ಮಾಡಿ ದೇವರ ಮುಂದೆ ಇಡವಾ?”

“ಸ್ವಲ್ಪ ದಿನ ಅಷ್ಟೇರಿ ಅಮ್ಮಾ.”

“ಹಂಗಾರೆ ಸ್ವಲ್ಪ ದಿನ ನೀನು ಬಚ್ಚಲಲ್ಲಿ ಕೂತು ಉಣ್ಣು. ಆನು ನೋಡ್ತೆ.”

ಈ ಮಾತು ಸಾಹೇಬರ ತನಕ ಹೋಯಿತು. ಅವರು ಪದ್ಧತಿ ತಿರುಗಿಸಿದರು. ಇನ್ನು ಮುಂದೆ ಹಳೆಯ ಒಲೆ ಮುಟ್ಟಬೇಡಿ, ಅಡುಗೆಮನೆಯ ಇನ್ನೊಂದು ಕಡೆ ಹೊಸದು ಹಾಕಿ, ದಿನಾ ಸಣ್ಣ ಬೆಂಕಿ ಮಾಡಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಹಳೆಯದನ್ನು ಒಡೆಯಿರಿ ಎಂದರು. ನಮಗೆಲ್ಲ ಸರಿ ಎನ್ನಿಸಿತು. ಈಗಲೂ ಸರಿ ಎಂದೇ ಕಾಣುತ್ತದೆ. ಆದರೆ ಕೋಲಸಿರ್ಸಿಯ ಗೋಳು ಶುರುವಾದದ್ದು ಅದರಿಂದಲೇ.

ಗೌರಿಯನ್ನು ನಾನು ಮೊದಲು ಕಂಡದ್ದು ಸಿದ್ದಾಪುರದ ದವಾಖಾನೆಯ ಕಟ್ಟೆಯ ಮೇಲೆ. ಸಣ್ಣ ಪ್ರಾಯದ ಹೆಂಗಸು. ಕಣ್ಣು ಕೆಂಪಾಗಿ ಬಾತಿದ್ದವು, ನೀರು ಸುರಿಯುತ್ತಿತ್ತು.

“ಯಾರವ್ವಾ ಹೊಡದವ್ರು?” ಎಂದು ಕೇಳಿದೆ.

“ಯಾರೂ ಹೊಡಿಲಿಲ್ಲ.”

“ಗಂಡ?”

“ಅವ್ರು ಹೊಡಿಯೋರಲ್ಲ.”

“ಅತ್ತಿ ಏನರ ಅಂದ್ಲೇನು?”

“ನಂಗೆ ಯಾರೂ ಎಂತೂ ಅನ್ನಲಿಲ್ಲ ಮಾರಾಯ್ತಿ. ಒಲೆ. ಒಲೆ ಹೊಗೆ.”

ಡಾಕ್ಟರು ಮುಲಾಮು ಕೊಟ್ಟು, ಇನ್ನೂ ಹೊಗೆಯಲ್ಲಿ ಕೂತರೆ ಕಣ್ಣು ಉಳಿಯುವುದಿಲ್ಲ ಎಂದಿದ್ದರಂತೆ. “ಹೊಗೇಲಿ ಕೂರಬೇಡ ಅಂದ್ರು. ಮತ್ತೆ ಎಲ್ಲಿ ಕೂತು ಅನ್ನ ಮಾಡದು ಅಂತ ಹೇಳ್ಲಿಲ್ಲ” ಎಂದಳು. ನಾನು ನನ್ನ ಹೆಸರು, ಒಲೆಯ ವಿಷಯ ಎರಡೂ ಹೇಳಿದೆ. ಅವಳು ಕಣ್ಣು ಒರೆಸಿಕೊಂಡು, “ನೀಲಕ್ಕಾ, ನಾಳೆನೇ ಬರ್ತ್ಯ?” ಎಂದಳು. ಒಲೆ ಬೇಕು ಎಂದು ತಾನಾಗಿ ಕೇಳಿದವಳು ಅವಳೇ ಮೊದಲು. ಬೇರೆ ಕಡೆ ಎಲ್ಲ ನಾವೇ ಕೈಕಾಲು ಹಿಡಿಯಬೇಕಿತ್ತು.

ಕೋಲಸಿರ್ಸಿಯ ಗದ್ದೆ ಬದಿಯಲ್ಲಿ ಹುಲ್ಲು ಹೊದಿಸಿದ ಉದ್ದನೆಯ ಮನೆ. ಯಜಮಾನತಿ ಮುದುಕಿ ದ್ಯಾವಮ್ಮ. ಹಿರಿಯ ಮಗ ತಿಮ್ಮಪ್ಪ, ಅವನ ಹೆಂಡತಿ ಭದ್ರಿ. ಕಿರಿಯವ ಕನ್ನಪ್ಪ, ಅವನ ಹೆಂಡತಿ ಈ ಗೌರಿ. ಭದ್ರಿ ಗದ್ದೆ ಕೆಲಸಕ್ಕೆ ಹೋಗುವವಳು, ಮನೆಮಂದಿಗೆಲ್ಲ ಅಡುಗೆ ಗೌರಿಯದು. ಸಾಗುವಳಿಯ ಭೂಮಿ ಒಡೆಯರದು, ಗೇಣಿಗೆ ಮಾಡುತ್ತಿದ್ದರು. ತಿಮ್ಮಪ್ಪ ನಮ್ಮ ಮಾತು ಕೇಳಿ, “ಹಾಕ್ಲಿ, ಎಂತ ಹೋಗ್ತದೆ” ಎಂದ. ದ್ಯಾವಮ್ಮ ಮಾತ್ರ ಅಲ್ಲೇ ನಿಂತು ನೋಡುತ್ತಲೇ ಇದ್ದಳು.

“ಹೊಗೆ ಬರದಿಲ್ಲ ಅಂದ್ರೆ ಬೆಂಕಿ ಆರಿದೆ ಅಂತಲೇ ಅರ್ಥ ಅಲ್ದನೇ?”

“ಬೆಂಕಿ ಇರತೈತಿ. ಹೊಗಿ ಗ್ವಾಡಿ ಆಚಿ ಹೋಗತೈತಿ.”

“ಹೋಗು ಅಂದ್ರೆ ಹೋಗ್ತದ? ನನ್ನ ಮಕ್ಕಳೇ ಹೋಗದಿಲ್ಲ.”

ಅಡುಗೆಮನೆಯ ಮೂಡು ಬದಿಗೆ ಒಲೆ ಹಾಕಿದೆವು. ಹಳೆಯದು ಪಡು ಬದಿಗೆ ಇತ್ತು, ಮೂರು ಕಲ್ಲಿನ ಒಲೆ. ಗೌರಿಗೆ ದಿನಾ ಎರಡು ಸೌದೆ ಹಾಕಿ ಸಣ್ಣ ಉರಿ ಮಾಡು, ಬಿರುಕು ಬಿಟ್ಟರೆ ಮಣ್ಣು ಮೆತ್ತು ಎಂದು ಹೇಳಿ ಬಂದೆವು. ಅವಳು ಹೇಳಿದಂತೆಯೇ ಮಾಡಿದಳು. ಪಡು ಬದಿಗೆ ಅನ್ನ ಬೇಯುವಾಗಲೇ ಮೂಡು ಬದಿಗೂ ಬೆಂಕಿ ಹಾಕಿದಳು. ಹಳೆಯ ಒಲೆಯ ಹೊಗೆ ಹುಲ್ಲಿನ ಸಂದಿಯಿಂದ ಎದ್ದರೆ ಹೊಸದರ ಹೊಗೆ ಕೊಳವೆಯಿಂದ ಹೊರಗೆ ಬಂತು. ಗದ್ದೆಯ ಆಚೆಯ ಮನೆಯವರು ನಿಂತು ನೋಡಿದರು. ಒಂದೇ ಮಾಡಿನ ಎರಡು ತುದಿಗೆ ಎರಡು ಹೊಗೆ.

ಇದರ ಅರ್ಥ ಪೇಟೆಯಲ್ಲಿ ಬೆಳೆದವರಿಗೆ ಗೊತ್ತಾಗಲಿಕ್ಕಿಲ್ಲ. ಅಣ್ಣತಮ್ಮಂದಿರು ಎಷ್ಟೇ ಜಗಳಾಡಲಿ, ಒಂದು ಒಲೆಯ ಅನ್ನ ಉಣ್ಣುವ ತನಕ ಅದು ಒಂದೇ ಮನೆ. ಎರಡನೇ ಒಲೆ ಹಚ್ಚಿದರೆ ಪಾಲಾಯಿತು ಎಂದೇ ಅರ್ಥ. ಹಿರಿಯವನಿಗೆ ಹಳೆಯ ಒಲೆ. ಕಿರಿಯವನು ಅದರಿಂದ ಕರಟದಲ್ಲಿ ಕೆಂಡ ಒಯ್ದು ತನ್ನ ಒಲೆ ಹಚ್ಚುತ್ತಾನೆ. ಕಾಗದ ಪತ್ರ ಆಮೇಲೆ. ಇದು ನನಗೂ ಗೊತ್ತಿತ್ತು, ನನ್ನ ತವರಿನಲ್ಲಿ ಕಣ್ಣಾರೆ ಕಂಡಿದ್ದೆ. ಆದರೆ ಸರ್ಕಾರದ ಒಲೆಯೂ ಆ ಲೆಕ್ಕಕ್ಕೆ ಬರುತ್ತದೆ ಎಂದು ತಲೆಗೆ ಹೊಳೆಯಲೇ ಇಲ್ಲ. ನನ್ನ ಕಣ್ಣಿಗೆ ಅದು ಒಣಗಬೇಕಾದ ಮಣ್ಣು ಅಷ್ಟೇ.

ಗೌರಿ ಹೇಳಿ ಕಳಿಸಿದಳು, ಓಡಿ ಬಾ ಎಂದು. ಹೋಗಿ ನೋಡಿದರೆ ಜಗಲಿಯ ತುಂಬ ಜನ. ಭದ್ರಿಯ ಅಣ್ಣ, ತಂಗಿಗೆ ಪಾಲಿನಲ್ಲಿ ಮೋಸ ಆಗಬಾರದು ಎಂದು ಊರಿಂದ ಬಂದು ಎಲೆಯಡಿಕೆ ಹಾಕುತ್ತ ಕೂತಿದ್ದ. ಒಡೆಯರ ಆಳು ಒಬ್ಬ ಅಂಗಳದಲ್ಲಿ ನಿಂತಿದ್ದ, ಇನ್ನು ಯಾವ ಗದ್ದೆ ಯಾರು ಮಾಡುತ್ತಾರೆ ಕೇಳಿಕೊಂಡು ಬಾ ಎಂದಿದ್ದರಂತೆ. ಅಣ್ಣತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನನ್ನನ್ನು ಕಂಡ ಕೂಡಲೇ ತಿಮ್ಮಪ್ಪ ಎದ್ದ.

“ನೀಲಕ್ಕಾ, ಖರೆ ಹೇಳು. ಈ ಒಲೆಗೆ ಅರ್ಜಿ ಕೊಟ್ಟದ್ದು ಯಾರು?”

“ಅರ್ಜಿ ಇಲ್ರಿ ಇದಕ್ಕ.”

“ಸರ್ಕಾರದ್ದು ಅರ್ಜಿ ಇಲ್ದೆ ಎಂತ ಬತ್ತದೆ? ರಸ್ತೆ ಬತ್ತದ? ಬಾವಿ ಬತ್ತದ? ಒಲೆ ಮಾತ್ರ ಬತ್ತದ?”

ಕನ್ನಪ್ಪ ಮೂಲೆಯಿಂದಲೇ, “ನಾ ಕೊಡ್ಲಿಲ್ಲ ಅಣ್ಣ. ಹಾಕ್ಲಿ ಅಂದವ ನೀನು. ನನ್ನ ಹೊರಗೆ ಹಾಕೂಕೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕಿತ್ತು?” ಎಂದ.

“ನಿನ್ನ ಹೊರಗೆ ಹಾಕವ್ರು ಯಾರು? ಹೊಸ ಒಲೆ ಮುಂದೆ ದಿನಾ ಕೂತ್ಕಂಬದು ನಿನ್ನ ಹೆಂಡ್ತಿ!”

ಭದ್ರಿಯ ಅಣ್ಣ ಎಲೆಯಡಿಕೆ ಉಗಿದು ಬಂದು, “ಪಾಲು ಆಗದಿದ್ರೆ ಆಗೂದು ಬೇಡ. ಆದ್ರೆ ಕರು ಹಾಕಿದ ಎಮ್ಮೆ ಯಾರಿಗೆ ಅಂತ ಈಗ್ಲೇ ಹೇಳಿಬಿಡಿ” ಎಂದ. ಭದ್ರಿ ಅವನಿಗೆ ಬಾಯಿ ಮುಚ್ಚು ಎಂದಳು. ಅವಳಿಗೆ ಪಾಲು ಬೇಕಿತ್ತೋ ಬೇಡವಾಗಿತ್ತೋ, ಅವಳ ಮುಖ ನೋಡಿ ಹೇಳುವ ಹಾಗಿರಲಿಲ್ಲ. ದ್ಯಾವಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಹಿಂದಿನ ದಿನದಿಂದ ಊಟ ಬಿಟ್ಟಿದ್ದಳಂತೆ. ಯಾಕೆ ಎಂದರೆ, “ನಾನು ಯಾವ ಒಲೆ ಅನ್ನ ಉಣ್ಬೇಕು, ಅದನ್ನ ಯಾರಾದ್ರೂ ಮೊದಲು ಹೇಳಿ. ಆಮೇಲೆ ಉಣ್ತೀನಿ” ಎನ್ನುವುದು.

ಆ ಹೊತ್ತಿಗೆ ಸಾಹೇಬರ ಜೀಪು ಬಂತು. ಅಕ್ಕೋರು ಹೇಳಿ ಕರೆತಂದಿದ್ದರು. ಸಾಹೇಬರು ಒಳಗೆ ಹೋಗಿ ಎರಡೂ ಒಲೆ ನೋಡಿ ನಕ್ಕರು.

“ಎರಡು ಒಲೆ ಇರುವುದೇ ತಂಟೆ ಅಲ್ಲವೇ? ಹಳೆಯದನ್ನು ಒಡೆಯಿರಿ. ಒಂದೇ ಉಳಿಯುತ್ತದೆ.”

ಕೇಳಲು ಸರಿಯಾದ ಮಾತು. ಆದರೆ ತಿಮ್ಮಪ್ಪನ ಮುಖ ಕಪ್ಪಾಯಿತು. “ಹಳೆ ಒಲೆ ಹೋದ್ರೆ ನಾ ಹಿರೇ ಮಗ ಎಲ್ಲಿಗೆ ಸೇರಿದವ ಸಾಹೇಬ್ರೇ? ತಮ್ಮನ ಒಲೆಗ?” ಎಂದ. ದ್ಯಾವಮ್ಮ ಎದ್ದು ಹೋಗಿ ಹಳೆಯ ಒಲೆಗೆ ಅಡ್ಡವಾಗಿ ಕೂತಳು, ಸೆರಗಿಗೆ ಬೂದಿ ಹತ್ತಿತು. ಅತ್ತೆಯ ಅತ್ತೆ ಹಚ್ಚಿದ ಬೆಂಕಿ ಎಂದಳು. ರಾತ್ರಿ ಬೂದಿ ಮುಚ್ಚಿ ಬೆಳಿಗ್ಗೆ ಕೆದಕಿ, ಒಂದು ದಿನ ಆರಗೊಡಲಿಲ್ಲ ಎಂದಳು.

ಸಾಹೇಬರಿಗೆ ಬೇಸರ ಬಂತು. “ಹಾಗಾದರೆ ಹೊಸದನ್ನೇ ಒಡೆಯಿರಿ.”

ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತಿದ್ದ ಗೌರಿ ಆಗ ಮಾತಾಡಿದಳು. “ಒಡೀರಿ. ನಂಗೆ ಕಣ್ಣು ಕಾಣದೇ ಹೋದ ಮೇಲೆ ಈ ಮನೇಲಿ ಅನ್ನ ಯಾರು ಮಾಡ್ತ್ರಿ, ಅದನ್ನೂ ಈಗ್ಲೇ ಹೇಳಿ.”

ಸಾಹೇಬರು ನೀರು ಕುಡಿದು ಜೀಪಿನ ಕಡೆ ನಡೆದರು. ಹತ್ತುವಾಗ, “ನೀಲವ್ವ, ನೀನೇ ಏನಾದರೂ ಮಾಡಿ ಬಾ” ಎಂದರು. ಮೇಲಿನವರು ಹೀಗೆ ಹೇಳಿದರೆ ಅವರಿಗೂ ಗೊತ್ತಿಲ್ಲ ಎಂದು ತಿಳಿಯಿರಿ. ಕೆಲಸಕ್ಕೆ ಸೇರಿದ ನಿಮಗೆ ಇದು ಉಪಯೋಗಕ್ಕೆ ಬರುತ್ತದೆ.

ನನಗೆ ತಲೆ ಕೆಟ್ಟಿತ್ತು. ಗೌರಿಯ ಕಣ್ಣು ಉಳಿಯಬೇಕಾದರೆ ಒಲೆ ಬೇಕು, ಒಲೆ ಇದ್ದರೆ ಮನೆ ಒಡೆಯುತ್ತದೆ. ಮಣ್ಣು ತುಳಿಯುವವಳು ನಾನು, ಇದನ್ನು ಹೇಗೆ ಬಿಡಿಸಲಿ? ಹಿತ್ತಲಿನ ಕಡೆ ನೋಡಿದರೆ ಬಚ್ಚಲಿನಿಂದ ಹೊಗೆ ಬರುತ್ತಿತ್ತು. ಕೊಟ್ಟಿಗೆಯ ಹತ್ತಿರವೂ ಒಂದು ಒಲೆ, ಎಮ್ಮೆಗೆ ಹುರುಳಿ ಬೇಯುತ್ತಿತ್ತು. ಸಿಟ್ಟಿನಲ್ಲಿ ಕೇಳಿದೆ.

“ಬಚ್ಚಲದಾಗ ಒಂದು ಒಲಿ ಐತಿ. ಕೊಟ್ಟಿಗ್ಯಾಗ ಒಂದು ಐತಿ. ಅವು ಇಷ್ಟು ದಿನ ಉರಿದ್ರೂ ಮನಿ ಒಡೀಲಿಲ್ಲ. ಇದೊಂದಕ್ಕ ಯಾಕ ಒಡೀತೈತಿ?”

“ಅದ್ರಲ್ಲಿ ಅನ್ನ ಬೇಯ್ತದನೇ?” ಎಂದಳು ದ್ಯಾವಮ್ಮ, ಕೂತಲ್ಲಿಂದಲೇ.

“ಇಲ್ಲ.”

“ಮತ್ತೆ?”

“ಹಂಗಾರ ಇದ್ರಾಗೂ ಅನ್ನ ಬ್ಯಾಡ. ಬರೇ ಸಾರು ಮಾಡ್ರಿ!”

ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಆದರೆ ಜಗಲಿಯಲ್ಲಿದ್ದವರು ಅದನ್ನೇ ಹಿಡಿದುಕೊಂಡರು. ಒಡೆಯರ ಆಳು, ಅದು ಹೌದಲ್ಲ ಎಂದ. ಸಾರು, ಪಲ್ಯ, ಚಾ ಮಾಡಿದರೆ ಅದು ಬಚ್ಚಲ ಒಲೆಯ ಲೆಕ್ಕವೇ ಆಗುತ್ತದೆ ಎಂದು ಎಲ್ಲರಿಗೂ ಕಂಡಿತು. ಆಗ ಭದ್ರಿಯ ಅಣ್ಣ ರೊಟ್ಟಿ ತಂದ. “ರೊಟ್ಟಿ ಎಲ್ಲಿ ಸುಡದು? ಅಕ್ಕಿ ಹಿಟ್ಟಿನ ರೊಟ್ಟಿ. ಅಕ್ಕಿ ಅಂದ ಮೇಲೆ ಅನ್ನ ಅಲ್ದ?” ಇನ್ನೊಬ್ಬರು ಅಲ್ಲ ಎಂದರು. ಮತ್ತೊಬ್ಬರು ಗಂಜಿಯ ಗತಿ ಏನು ಎಂದರು. ಹಿಟ್ಟಾದ ಮೇಲೆ ಅಕ್ಕಿ ಅಕ್ಕಿಯಾಗಿ ಉಳಿಯುತ್ತದೋ ಇಲ್ಲವೋ ಎಂದು ಗಂಡಸರು ಮಧ್ಯಾಹ್ನ ದಾಟುವ ತನಕ ವಾದ ಮಾಡಿದರು. ಪಾಲಿನ ಮಾತು ಎಲ್ಲೋ ಹೋಯಿತು. ಕೊನೆಗೆ ದ್ಯಾವಮ್ಮ ತೀರ್ಪು ಕೊಟ್ಟಳು. ಗಂಜಿ ಅನ್ನ, ರೊಟ್ಟಿ ತಿಂಡಿ.

“ಅನ್ನ ಇಲ್ಲೇ, ಹಳೇದ್ರಲ್ಲೇ. ಅದನ್ನ ನಾ ಮಾಡ್ತೀನಿ. ಗೌರಿ ಅತ್ಲಾಗೆ ಕೂತ್ಕಳ್ಲಿ.”

“ಅತ್ತೆ, ನಿಮ್ಮ ಕಣ್ಣು?”

“ನನ್ನ ಕಣ್ಣಿಗೆ ಇನ್ನು ನೋಡೂಕೆ ಎಂತ ಉಳದದೆ? ಅಕ್ಕಿ ತೊಳಿ, ಹಸಿವಾಗ್ತದೆ.”

ಅವಳೇ ಊದುಕೊಳವೆ ಹಿಡಿದು ಊದಿದಳು. ಹೊಗೆಯಲ್ಲಿ ಅವಳ ಮುಖ ಕಾಣಲಿಲ್ಲ. ಅನ್ನವಾಯಿತು, ಮುದುಕಿ ಉಂಡಳು, ಜನ ಎದ್ದರು.

ಮುಂದಿನ ನಾಟಿಯ ಹೊತ್ತಿಗೆ ಗೌರಿಯ ಕಣ್ಣು ತಿಳಿಯಾಯಿತು. ದ್ಯಾವಮ್ಮನಿಗೆ ಕೆಮ್ಮು ಹಿಡಿಯಿತು. ನಾನು ಅಕ್ಕೋರಿಗೆ ಕೇಳಿದೆ: “ನಾವು ಮಾಡಿದ್ದೇನ್ರಿ? ಹೊಗಿ ತಗದ್ವೋ, ಒಬ್ರಿಂದ ತಗದು ಇನ್ನೊಬ್ರಿಗೆ ಹಾಕಿದ್ವೋ?” ಅಕ್ಕೋರು, “ನನಗೂ ತಿಳೀಲಿಲ್ಲ ನೀಲವ್ವ, ನಾಳಿ ಬ್ಯಾರೆ ಊರಿಗೆ ಹೋಗೂದೈತಿ, ಮಲಕೋ” ಎಂದರು. ಆಮೇಲೆ ಎಲ್ಲಿ ಹೋದರೂ ಮೊದಲು ಕೇಳುವ ಪ್ರಶ್ನೆ ಬದಲಾಯಿತು. ಪಾತ್ರೆ ತೋರಿಸಿ ಎನ್ನುವ ಮುಂಚೆ ಅಣ್ಣತಮ್ಮ ಎಷ್ಟು ಜನ, ಅನ್ನ ಯಾವ ಒಲೆಯದು ಎಂದು ಕೇಳುತ್ತಿದ್ದೆ.

ಸಾಹೇಬರು ಬದಲಾದರು. ಹೊಸ ಸಾಹೇಬರು ತಪಾಸಣೆಗೆ ಕೋಲಸಿರ್ಸಿಗೆ ಬಂದು, ಹಳೆಯ ಒಲೆ ಇನ್ನೂ ಯಾಕಿದೆ ಎಂದು ಗದರಿದರು. ನನಗೆ ಎಲ್ಲ ಕಥೆ ಹೇಳಲು ತ್ರಾಣ ಇರಲಿಲ್ಲ. “ಅದು ಬಚ್ಚಲ ಒಲಿ ಇದ್ದಂಗರಿ” ಎಂದೆ. ಅವರು ಅದರ ಮೇಲೆ ಕುದಿಯುತ್ತಿದ್ದ ಅನ್ನದ ಗಡಿಗೆ ನೋಡಿದರು, ನನ್ನನ್ನು ನೋಡಿದರು, ಹೊರಗೆ ಹೋದರು. ದ್ಯಾವಮ್ಮ ಕೆಮ್ಮುತ್ತಲೇ ನಕ್ಕಳು.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ದ್ಯಾವಮ್ಮ ಸತ್ತಳು. ಸೂತಕದ ಊಟ ನೆರೆಮನೆಯವರು ತಂದರು. ಎಲ್ಲ ಮುಗಿದ ಮೇಲೆ ಗೌರಿ ತನ್ನ ಒಲೆ ಹಚ್ಚಿದಳು, ಹಳೆಯ ಒಲೆಯ ಮುಂದೆ ಯಾರೂ ಕೂರಲಿಲ್ಲ. ಅನ್ನವೂ ಹೊಸ ಒಲೆಯ ಮೇಲೇ ಬೆಂದಿತು, ಯಾರೂ ಏನೂ ಕೇಳಲಿಲ್ಲ. ಅದೇ ವರ್ಷ ಅಣ್ಣತಮ್ಮ ಪಾಲಾದರು. ಜಗಳ ಇಲ್ಲ, ಮಕ್ಕಳು ದೊಡ್ಡವರಾಗಿದ್ದರು, ಅಷ್ಟೇ. ಒಂದೇ ಒಲೆ ಉರಿಯುವಾಗ ಮನೆ ಎರಡಾಯಿತು. ಎರಡು ಉರಿಯುವಾಗ ಒಂದಾಗಿತ್ತು. ಇದನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದರೂ ಅರ್ಥವಾಗುವುದಿಲ್ಲ.

ಭದ್ರಿ ನನ್ನನ್ನು ಕರೆಸಿದಳು. ಪಡು ಬದಿ ಅವಳ ಪಾಲಿಗೆ ಬಂದಿತ್ತು. “ನಂಗೂ ಗೌರಿದ್ರ ಹಾಂಗಿದ್ದೇ ಒಲೆ ಬೇಕು. ಹಳೇದನ್ನ ತೆಗೆದು ಅಲ್ಲೇ ಹಾಕು” ಎಂದಳು. ವಜ್ರಳ್ಳಿಯ ಹಳೆಯ ಪದ್ಧತಿ ಮತ್ತೆ ಬಂತು. ನಾನೇ ಒಡೆದೆ. ಆ ಮೂರು ಕಲ್ಲು ಎಸೆಯಲು ಭದ್ರಿ ಬಿಡಲಿಲ್ಲ, ಹೊಸ ಒಲೆಯ ಮಣ್ಣಿನೊಳಗೆ ಹಾಕಿಸಿದಳು. ಅದು ಒಣಗುವ ತನಕ ಪಾಲಾದ ಎರಡೂ ಮನೆಯವರು ಗೌರಿಯ ಒಲೆಯ ಅನ್ನವನ್ನೇ ಉಂಡರು.

ಒಲೆ ಹಚ್ಚುವ ದಿನ ನಾನೂ ಹೋಗಿದ್ದೆ, ಹೊಗೆ ಸರಿಯಾಗಿ ಎಳೆಯುತ್ತದೋ ನೋಡಬೇಕಲ್ಲ. ಕೆಂಡ ಮೂಲದ ಒಲೆಯಿಂದ ಬರಬೇಕು. ಮೂಲದ ಒಲೆ ಎಲ್ಲಿದೆ? ತಿಮ್ಮಪ್ಪ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ಹೆಂಡತಿಗೆ ಹಿಡಿದ. ಭದ್ರಿ ಅದನ್ನು ತೆಗೆದುಕೊಳ್ಳಲಿಲ್ಲ. ಕರಟ ಹಿಡಿದು ಮೂಡು ಬದಿಗೆ ನಡೆದಳು.

“ಕೆಂಡ ಕೊಡೇ.”

ಗೌರಿ ಗಾಬರಿಯಾದಳು. “ಅಕ್ಕಾ, ಹಿರೇರ ಒಲೆಗೆ ನಾ ಕೊಡದ?”

“ಬೇರೆ ಎಲ್ಲಿ ಅದೆ ಬೆಂಕಿ? ಕೊಡು.”

ಗೌರಿ ಕೂತು ಇಕ್ಕಳದಲ್ಲಿ ಒಂದೊಂದೇ ಕೆಂಡ ತೆಗೆದು ಕರಟಕ್ಕೆ ಹಾಕಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಗ್ಗಿ ಒಲೆ ನೋಡಿದೆ. ಪಾತ್ರೆ ಬಿಗಿಯಾಗಿ ಕೂತಿದೆ. ಎಲ್ಲೂ ಬಿರುಕು ಇಲ್ಲ.

“ಹೊಗಿ ಇಲ್ಲಲ್ಲವ್ವಾ?” ಎಂದೆ.

“ಹೊಗೆ ಇಲ್ಲ ನೀಲಕ್ಕಾ” ಎಂದಳು, ಮತ್ತೆ ಕಣ್ಣು ಒರೆಸಿಕೊಂಡಳು.

ಭದ್ರಿ ಕರಟದ ಮೇಲೆ ಕೈ ಅಡ್ಡ ಹಿಡಿದು ಪಡು ಬದಿಗೆ ಹೋದಳು. ನಾನು ಹೊರಗೆ ಹೋಗಿ ಗೋಡೆಯ ಹಿಂದಿನ ಕೊಳವೆಯನ್ನೂ ನೋಡಿ ಬಂದೆ. ಸರಿಯಾಗಿಯೇ ಎಳೆಯುತ್ತಿತ್ತು.